ಕಾಕಾ ಸಾಕಿದ ಎದುರಾಳಿ

ನಮ್ಮ ಕಾಕಾನಂಥ ವ್ಯಾಪಾರಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ನಗಬೇಡಿ! ಎದುರಾಳಿಯನ್ನು ಸೋಲಿಸಿದ ವ್ಯಾಪಾರಿಗಳು ಬೇಕಾದಷ್ಟು ಸಿಗುತ್ತಾರೆ. ಆದರೆ ಎದುರಾಳಿಯೇ ಇಲ್ಲದಾಗ ಒಬ್ಬನನ್ನು ದೀಪ ಹಚ್ಚಿ ಹುಡುಕಿ, ಎದುರಿಗೇ ಅಂಗಡಿ ಇಡಿಸಿ, ಸೆಕೆಯಾದೀತೆಂದು ತನ್ನ ಮನೆಯ ಫ್ಯಾನನ್ನೂ ಅವನಿಗೆ ಹೊತ್ತುಕೊಟ್ಟ ವ್ಯಾಪಾರಿ ಬೇರೆ ಯಾರಾದರೂ ಇದ್ದರೆ ತಿಳಿಸಿ. ಬರೆದುಕೊಳ್ಳಲೆಂದೇ ಡೈರಿಯಲ್ಲಿ ಒಂದು ಪುಟ ಖಾಲಿ ಬಿಟ್ಟಿದ್ದೇನೆ. ಇನ್ನೂ ಖಾಲಿಯೇ ಇದೆ.

ಹೊಸ ಶತಮಾನ ಶುರುವಾದ ಮರುವರ್ಷದ ಮಾತು. ನಾನಾಗ ಏಳನೆಯ ತರಗತಿ. ಕಾಕಾನದು ರೇಡಿಯೊ, ಮಿಕ್ಸರ್ ರಿಪೇರಿ ಅಂಗಡಿ. ಅದರ ಮೂಲೆಯಲ್ಲಿ ಹಳೆಯ ಟಿವಿಯೊಂದಕ್ಕೆ ಕೆಂಪು ಬಣ್ಣದ ವಿಡಿಯೊ ಗೇಮ್ ಯಂತ್ರ ಸಿಕ್ಕಿಸಿದ. ನಮ್ಮ ಪೇಟೆಗೆ ಆಗ ಅದೊಂದೇ. ಶಾಲೆ ಬಿಟ್ಟ ಕೂಡಲೇ ಹುಡುಗರು ಅಂಗಡಿ ಮುಂದೆ ಸಾಲುಗಟ್ಟುತ್ತಿದ್ದರು. ಸಾಲಿನಲ್ಲಿ ನಾನೊಬ್ಬಳೇ ಹುಡುಗಿ. ಯಾರ ಸರದಿ ಯಾವಾಗ ಎಂಬ ಲೆಕ್ಕ ನನ್ನ ಹತ್ತಿರ ಇದ್ದುದರಿಂದ ನನ್ನ ಜಡೆ ಎಳೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಎದುರಿನ ಅಂಗಡಿ ಮಲ್ಲಣ್ಣನದು. ಜನರು ಕೇಳಿದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಕೊಡುವ ಕೆಲಸ. ಸಿಡಿಗಳು ಬಂದ ಮೇಲೆ ಅವನ ಅಂಗಡಿಗೆ ನೊಣವೂ ಹಾಡು ಕೇಳಲು ಬರುತ್ತಿರಲಿಲ್ಲ. ಚಡಚಣದಲ್ಲಿ ಅವನ ಹೆಂಡತಿಯ ತಮ್ಮನದು ದ್ರಾಕ್ಷಿ ತೋಟ. “ಯುಗಾದಿ ಆದ ಮ್ಯಾಲೆ ಜೀಪ್ ತರ್ತೇನಿ, ತೋಟ ನೋಡ್ಕೊಂಡು ನಮ್ಮ ಕೂಡ ಇರ್ರಿ” ಎಂದು ಅವನು ಹೇಳಿಹೋಗಿದ್ದ. ಮಲ್ಲಣ್ಣ ಹೆಂಡತಿಯನ್ನು ಮೊದಲೇ ಕಳಿಸಿ, ತನ್ನ ಟ್ರಂಕನ್ನೂ ಕಟ್ಟಿ ಅಂಗಡಿಯ ಬಾಗಿಲಿಗೆ ಇಟ್ಟುಕೊಂಡು ಕೂತಿದ್ದ. ಅವನೂ ಕಾಕಾನೂ ಒಂದನೆಯ ತರಗತಿಯಿಂದ ದೋಸ್ತರು. ದಿನಾ ಸಂಜೆ ಒಂದೇ ಕಪ್ ಚಹಾ ತರಿಸಿ, ಎರಡು ಬಸಿಗೆ ಸುರುವಿ, ಯಾರ ಬಸಿಯಲ್ಲಿ ಜಾಸ್ತಿ ಬಂತೆಂದು ಜಗಳವಾಡಿ ಕುಡಿಯುತ್ತಿದ್ದರು.

ಆ ದಿನಗಳಲ್ಲೇ ಕಾಕಾ ಒಂದು ಮದುವೆಗೆಂದು ಬಸವನ ಬಾಗೇವಾಡಿಗೆ ಹೋಗಿ, ಮದುವೆ ಊಟದ ಜೊತೆ ಒಂದು ಸಿದ್ಧಾಂತವನ್ನೂ ಹೊಟ್ಟೆಗೆ ಹಾಕಿಕೊಂಡು ಬಂದ.

“ಅಲ್ಲೂ ಒಂದ ಗೇಮಿನ ಅಂಗಡಿ ಐತಿ” ಎಂದ ಚಪ್ಪಲಿ ಬಿಡುತ್ತಲೇ. “ಊರಿಗೆಲ್ಲಾ ಅದೊಂದ. ಗುಂಡಿ ಒತ್ತಿದ್ರ ಮ್ಯಾಲೆ ಏಳಂಗಿಲ್ಲ. ಹಳೇ ಆಟ, ಹರಕ ಚಾಪಿ. ಮಾಲಕ ಗೊರಕಿ ಹೊಡಿಯಾಕತ್ತಿದ್ದ! ಯಾಕ? ಎದರಿಗೆ ಮತ್ತೊಂದ ಅಂಗಡಿ ಇಲ್ಲ. ಮನಷ್ಯಾ ಒಬ್ಬನ ಆದ್ರ ನಿದ್ದಿ ಹತ್ತತೈತಿ. ಪೈಪೋಟಿ ಇದ್ರ ಆಡೋರಿಗೂ ಲಾಭ, ಆಟ ತಯಾರ ಮಾಡೋರಿಗೂ ಲಾಭ!”

“ಮತ್ತ ನಿಮಗ?” ಎಂದಳು ಕಾಕಾನ ಹೆಂಡತಿ, ನಮ್ಮ ಕಾಕು.

ಸಿದ್ಧಾಂತದಲ್ಲಿ ಆ ಅಧ್ಯಾಯ ಇರಲಿಲ್ಲ.

ಮರುದಿನದಿಂದ ಮಲ್ಲಣ್ಣನಿಗೆ ನೆಮ್ಮದಿಯಿಲ್ಲ. “ನೀ ಒಂದು ಗೇಮ್ ಹಾಕು. ನನಗ ಟಕ್ಕರ್ ಕೊಡು” ಎಂದು ಕಾಕಾ ಬೆನ್ನು ಹತ್ತಿದ. “ಯುಗಾದಿಗೆ ಹೊಂಟೇನಲ್ಲೋ ಮಾರಾಯ” ಎಂದರೆ, “ಹೋಗೂ ಮಟಾ ಟಕ್ಕರ್ ಕೊಡು!” ಎಂದ. ಪಾಪ, ಮಲ್ಲಣ್ಣ ಕಾಟ ತಾಳದೆ ಕಪ್ಪು ಬಣ್ಣದ ಯಂತ್ರವೊಂದನ್ನು ತಂದ. ಟ್ರಂಕನ್ನು ಮಾತ್ರ ಬಿಚ್ಚಲಿಲ್ಲ. ಅದೇ ಆಡುವವರ ಬೆಂಚಾಯಿತು.

ಆಗ ಶುರುವಾಯಿತು ನೋಡಿ ಮಹಾಯುದ್ಧ! ಕೆಂಪು ಯಂತ್ರದ ಆಟದ ಕ್ಯಾಸೆಟ್ಟು ಕಪ್ಪಿಗೆ ಕೂರದು, ಕಪ್ಪಿನದು ಕೆಂಪಿಗೆ ಕೂರದು. ಶಾಲೆಯಲ್ಲಿ ಕೆಂಪು ಪಾರ್ಟಿ, ಕರಿ ಪಾರ್ಟಿ ಎಂದು ಎರಡಾಗಿ, ಅಣ್ಣತಮ್ಮಂದಿರು ಬೇರೆ ಬೇರೆ ಬೆಂಚಿನಲ್ಲಿ ಕೂತರು. ಕಾಕಾ ಆಡುವವರಿಗೆ ತಿನ್ನಲು ಅವಲಕ್ಕಿ ಚೂಡಾ ಕೊಟ್ಟ. ಮಲ್ಲಣ್ಣ ಚೂಡಾದಲ್ಲಿ ಶೇಂಗಾ ಹಾಕಿಸಿದ. ಕಾಕಾ ಹೊಸ ಚಾಪೆ ಹಾಸಿದ. ಮಲ್ಲಣ್ಣ ಟ್ರಂಕಿನ ಮೇಲೆ ದಿಂಬಿಟ್ಟ. ಯಾವ ಯಂತ್ರ ಉತ್ತಮವೆಂದು ನಾನು ಎರಡೂ ಕಡೆ ಮತ ಎಣಿಸಿದೆ. ಚೂಡಾದ ಡಬ್ಬಿ ಯಾವ ಕಡೆ ತುಂಬಿತ್ತೋ ಅಂದು ಆ ಕಡೆಗೇ ಬಹುಮತ! ಆಡುವವರಿಗೆ ಪೈಪೋಟಿಯಿಂದ ಲಾಭವೇ ಎಂಬ ಪ್ರಶ್ನೆಗೆ ನಮ್ಮ ಹೊಟ್ಟೆಗಳು ಆಗಲೇ ತೀರ್ಪು ಕೊಟ್ಟಿದ್ದವು.

ಬಿಸಿಲು ಏರಿತು. ಕಾಕಾ ಅಂಗಡಿಗೆ ಟೇಬಲ್ ಫ್ಯಾನ್ ತಂದ. ಮಲ್ಲಣ್ಣ ಸುಮ್ಮನಿದ್ದ. ಕಾಕಾನಿಗೆ ಎಲ್ಲಿಲ್ಲದ ಸಿಟ್ಟು ಬಂತು. ರಸ್ತೆ ದಾಟಿ ಹೋಗಿ ಗದರಿದ: “ನಾ ಫ್ಯಾನ್ ಹಚ್ಚಿ ನಾಕ ದಿನಾ ಆತು. ನೀ ಇನ್ನೂ ಕುಂತ ಬೀಸಣಿಗಿ ಆಡ್ಸಾಕತ್ತೀಯಲ್ಲ! ನಾಚಿಕಿ ಬರಂಗಿಲ್ಲೇನ? ಪೈಪೋಟಿ ಅಂದ್ರ ಹಿಂಗೇನ?”

“ಹೋಗಾಂವ ನಾ. ನನಗ ಯಾಕೋ ಫ್ಯಾನು?”

ಅರ್ಧ ತಾಸಿನಲ್ಲಿ ಕಾಕಾ ನಮ್ಮ ಅಡುಗೆಮನೆಯ ಫ್ಯಾನನ್ನು ಹೊತ್ತು ತಂದು ಎದುರಾಳಿಯ ಅಂಗಡಿಯಲ್ಲಿಟ್ಟು, “ಹಾಂ, ಈಗ ಕೊಡು ಟಕ್ಕರ್” ಎಂದು ಬೆವರು ಒರೆಸಿಕೊಂಡ. ಅಂದು ರಾತ್ರಿ ಊಟಕ್ಕೆ ಕಾಕು ಬಡಿಸಿದ ಪಲ್ಯದಲ್ಲಿ ಉಪ್ಪಿರಲಿಲ್ಲ.

ಇನ್ನು ಆಟ ತಯಾರಿಸುವವರ ಲಾಭ? ಅದಕ್ಕೂ ಸಾಕ್ಷಿ ಬೇಕೆಂದು ಕಾಕಾ ಕೀಬೋರ್ಡ್ ಇರುವ ಯಂತ್ರವೊಂದನ್ನು ತಂದ. ಜೊತೆಗಿದ್ದ ಪುಸ್ತಕ ನೋಡಿ ಟೈಪ್ ಮಾಡಿದರೆ ನಾವೇ ಆಟ ಮಾಡಬಹುದಂತೆ. ಕಾಕಾ ಒಂದೊಂದೇ ಅಕ್ಷರ ಹುಡುಕಿ ಒತ್ತುವುದರಲ್ಲಿ ಬೆಳಗು ಸಂಜೆಯಾಯಿತು. ಮದುವೆಗೆ ಮುಂಚೆ ಟೈಪಿಂಗ್ ಪರೀಕ್ಷೆ ಪಾಸಾಗಿದ್ದ ಕಾಕು ನೋಡಿ ನೋಡಿ ಸಾಕಾಗಿ, “ಸರೀರಿ ಅತ್ತಾಗ” ಎಂದು ಕೂತಳು. ಒಂದು ವಾರದಲ್ಲಿ ಆಟ ಸಿದ್ಧ! ಹೆಸರು ‘ಆಲಮಟ್ಟಿ’. ಪರದೆಯ ಕೆಳಗಿನಿಂದ ಚುಕ್ಕಿಗಳ ನೀರು ಏರುತ್ತದೆ. ಸರಿಯಾದ ಹೊತ್ತಿಗೆ ಗುಂಡಿ ಒತ್ತಿ ಗೇಟು ತೆರೆಯಬೇಕು, ತಪ್ಪಿದರೆ ಊರೆಲ್ಲ ಮುಳುಗಡೆ. ತೊಡಕು ಒಂದೇ: ಕರೆಂಟ್ ಹೋದರೆ ನೀರು, ಗೇಟು, ಆಣೆಕಟ್ಟು ಎಲ್ಲವೂ ಮಾಯ. ನಮ್ಮೂರಿನ ಕರೆಂಟ್ ಗೊತ್ತಲ್ಲ! ಕಾಕು ಆ ಬೇಸಿಗೆಯಲ್ಲಿ ಎಷ್ಟು ಆಣೆಕಟ್ಟು ಕಟ್ಟಿದಳೋ, ಎಣಿಸುವ ಚಟದ ನಾನೇ ಎಣಿಕೆ ಬಿಟ್ಟೆ.

ಆಟಕ್ಕೆ ಜನ ಮುಗಿಬಿದ್ದರು. ಮಲ್ಲಣ್ಣನೂ ಒಂದು ಕೀಬೋರ್ಡ್ ಯಂತ್ರ ಎರವಲು ತಂದು ನಮ್ಮ ಮನೆಗೆ ಬಂದು ಕಾಕುವನ್ನು ಕೇಳಿದ: “ವೈನೀ, ನನಗೂ ಒಂದು ಆಲಮಟ್ಟಿ ಕಟ್ಟಿಕೊಡ್ರಿ.”

“ಏ, ಅದು ಕೆಂಪು ಅಂಗಡಿ ಆಟ!” ಎಂದು ಕಾಕಾ ಕೂಗಿದ.

“ಆಟ ನಂದು” ಎಂದಳು ಕಾಕು ಶಾಂತವಾಗಿ. “ಮಲ್ಲಣ್ಣ, ಕಟ್ಟಿಕೊಡ್ತೇನಿ. ನಮ್ಮ ಅಡಗಿಮನಿ ಫ್ಯಾನ್ ಅಡಗಿಮನಿಗೆ ಬರಬೇಕು.”

ಸಂಜೆಯೊಳಗೆ ಫ್ಯಾನು ಮನೆಗೆ ಬಂತು. ಕಾಕಾ ಸೋತ ಮುಖ ಮಾಡಿದ್ದು ಒಂದು ನಿಮಿಷ ಮಾತ್ರ. ಮರುಕ್ಷಣ ತೊಡೆ ತಟ್ಟಿಕೊಂಡು, “ನೋಡ್ರಿ! ಆಟ ಮಾಡಿದಾಕಿಗೂ ಲಾಭ ಆತಿಲ್ಲೋ?” ಎಂದ. ಇಂಥವನನ್ನು ಸೋಲಿಸುವುದು ಹೇಗೆ ಹೇಳಿ?

ಯುಗಾದಿ ಬಂತು, ಹೋಯಿತು. ಟ್ರಂಕು ಬಾಗಿಲಲ್ಲೇ ಇತ್ತು. ಜೀಪು ಬರುವ ದಿನ ಬೆಳಿಗ್ಗೆ ಕಾಕಾನಿಗೆ, ಮಲ್ಲಣ್ಣನ ಬೋರ್ಡು ತನ್ನ ಬೋರ್ಡಿಗಿಂತ ಒಂದು ಗೇಣು ಕೆಳಗಿದೆ ಎಂದು ಹೊಳೆಯಿತು. “ಇವತ್ತ ಹೊಂಟಾಂವಗ ಬೋರ್ಡ್ ಯಾಕ್ರಿ?” ಎಂದು ಕಾಕು ಕೇಳಿದಳು. ಕಾಕಾ ಮಾತ್ರ ಏಣಿ ಹಾಕಿ ಹತ್ತಿ, ಎದುರಾಳಿಯ ಬೋರ್ಡನ್ನು ಸರಿಸಮ ಮಾಡಿ, ಕೊನೆಯ ಮೊಳೆ ಹೊಡೆದು, ಹೆಮ್ಮೆಯಿಂದ ಹಿಂದೆ ಸರಿದು ನೋಡಿದ. ಏಣಿಯ ಮೇಲೆ ನಿಂತವರು ಹಿಂದೆ ಸರಿಯಬಾರದು.

ಕಾಲು ಮುರಿಯಿತು. ಮಲ್ಲಣ್ಣನನ್ನು ಒಯ್ಯಲು ಬಂದ ಜೀಪೇ ಕಾಕಾನನ್ನು ವಿಜಾಪುರದ ಆಸ್ಪತ್ರೆಗೆ ಹೊತ್ತೊಯ್ದಿತು. ಹೇಗೂ ಚಡಚಣದ ದಾರಿಯೇ. ಹಿಂದೆ ಕಾಕಾ, ಕಾಕು, ನಾನು, ಮಲ್ಲಣ್ಣ. ನಮ್ಮೆಲ್ಲರ ಮೊಣಕಾಲಿಗೆ ತಾಗಿಕೊಂಡು ಆ ಟ್ರಂಕು. ಜೀವಮಾನದಲ್ಲಿ ಮೊದಲ ಬಾರಿ ಕಾಕಾ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕಾಲು ನೋಯುತ್ತಿರಬೇಕು ಎಂದುಕೊಂಡೆ.

ಪ್ಲಾಸ್ಟರ್ ಹಾಕಿ ಮಲಗಿಸಿದ ಮೇಲೆ, ಸೂಜಿಯ ಪರಿಣಾಮವೋ ಏನೋ, ಕಾಕಾ ಗಡಗಡ ನಡುಗತೊಡಗಿದ. ಮಲ್ಲಣ್ಣ ಹೊರಗೆ ಹೋಗಿ, ಒಂದು ದಪ್ಪ ಕೌದಿ ತಂದು ಹೊದಿಸಿದ. ಹಿಂದೆಯೇ ಅವನ ಹೆಂಡತಿಯ ತಮ್ಮ ಬಂದು ಬಾಗಿಲಲ್ಲಿ ನಿಂತ. “ಮಾವಾರ, ಕಟ್ಟಿದ ಟ್ರಂಕ್ ಯಾಕ ಬಿಚ್ಚಿದ್ರಿ? ಹೊತ್ತಾತು, ನಡೀರಿ.”

“ನೀ ಹೋಗಪಾ. ನಿಮ್ಮ ಅಕ್ಕನ್ನ ಬಸ್ಸಿಗೆ ಹತ್ತಿಸಿ ಕಳಸು” ಎಂದ ಮಲ್ಲಣ್ಣ, ಕೌದಿಯ ಅಂಚನ್ನು ಕಾಕಾನ ಪಾದದ ಕೆಳಗೆ ಸಿಕ್ಕಿಸುತ್ತ. “ಇಂವಾ ಇಲ್ಲಿ ಮಲಗ್ಯಾನ. ಅಲ್ಲಿ ಅಂಗಡ್ಯಾಗ ನಾ ಒಬ್ಬನ ಆದ್ರ ನಿದ್ದಿ ಹತ್ತತೈತಿ. ಇಂವಾ ಎದ್ದು ಬರೂ ಮಟಾ ಎರಡೂ ಅಂಗಡಿ ನಾನ ತಗೀಬೇಕು. ನಂದಕ್ಕೂ ಇವಂದಕ್ಕೂ ನಾನ ಜಗಳಾ ಹಚ್ಚಬೇಕು.”

ಕಾಕಾ ಕೌದಿಯನ್ನು ಮೆಲ್ಲಗೆ ಮುಖದ ಮೇಲೆ ಎಳೆದುಕೊಂಡ. “ಯಾಕ್ರಿ, ಏನಾತು?” ಎಂದು ಕಾಕು ಬಾಗಿದಳು.

“ಫ್ಯಾನ್ ಗಾಳಿ ಭಾಳ ಐತಿ. ಕಣ್ಣಾಗ ಹೊಡಿಯಾಕತ್ತೇತಿ” ಎಂದ ಒಳಗಿನಿಂದ.

ನಾನು ತಲೆ ಎತ್ತಿ ನೋಡಿದೆ. ವಾರ್ಡಿನಲ್ಲಿ ಕರೆಂಟ್ ಹೋಗಿ ಆಗಲೇ ಅರ್ಧ ತಾಸಾಗಿತ್ತು.