ನಯನಳ ಮೂಗು, ಹನುಮಂತಯ್ಯನ ತೋಟ

ಶಿವಮೂರ್ತಿಯ ತಾಪತ್ರಯ ಶುರುವಾದದ್ದು ಕ್ಯಾಮೆರಾದ ಹಿಂದಿರುವ ಸ್ಕ್ರೀನು ಯಾವ ಕಡೆಗೆ ತಿರುಗಬೇಕು ಎಂಬ ಪ್ರಶ್ನೆಯಿಂದ. ಅವನ ಹಳೇ ಕ್ಯಾಮೆರಾ ಹುಳಿಯಾರಿನ ಒಂದು ನಾಮಕರಣದಲ್ಲಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿತ್ತು. ಹಾಗಾಗಿ ಶೆಟ್ಟಿಕೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಅವನು ಬೆಳಿಗ್ಗೆಯೇ ತಿಪಟೂರಿಗೆ ಬಂದು, ಗೆಳೆಯ ತಿಮ್ಮರಾಜುವಿನ ಅಂಗಡಿಯಲ್ಲಿ ಕೂತು, ಮುಂದಿದ್ದ ಎರಡು ಮಿರರ್‌ಲೆಸ್ ಕ್ಯಾಮೆರಾಗಳನ್ನು ನೋಡುತ್ತಿದ್ದ. ಹೆಣ್ಣು ನೋಡಲು ಬಂದವನ ಮುಂದೆ ಅಕ್ಕ ತಂಗಿಯರಿಬ್ಬರನ್ನೂ ಒಟ್ಟಿಗೆ ತಂದು ಕೂರಿಸಿದಂತಿತ್ತು ಅವನ ಸ್ಥಿತಿ.

"ಈ ಕ್ಯಾಮೆರಾದ್ದು ಮೇಲಕ್ಕೆ ಕೆಳಕ್ಕೆ ಮಾತ್ರ ಬಾಗ್ತೈತೆ. ಹೊಟ್ಟೆ ಹತ್ರ ಹಿಡ್ಕಂಡು ಬಗ್ಗಿ ನೋಡ್ಕಂಡ್ ತೆಗೀಬೋದು," ಎಂದ ತಿಮ್ಮರಾಜು. "ಇನ್ನೊಂದು ಕಿಟಕಿ ಬಾಗ್ಲು ತೆಗ್ದಂಗೆ ಪಕ್ಕಕ್ಕೆ ತೆಗ್ದು, ಪೂರ್ತಿ ಮುಂದಕ್ಕೇ ತಿರುಗ್ತೈತೆ. ಎದುರಿಗೆ ನಿಂತೋರ್ಗೆ ಅವರ ಮುಖ ಅವರ್ಗೇ ಕಾಣ್ತೈತೆ. ಇವತ್ತೊಂದಿನ ಯಾವ್ದಾರ ತಗಂಡೋಗಿ ಬಳಸು, ಆಮೇಲೆ ಹೇಳು."

"ಮೇಲೆ ಕೆಳಗೆ ಬಾಗೋದೇ ಕೊಡು. ನಾನು ತೆಗೆಯೋದು ಫೋಟೋ ಕಣ್ಲಾ, ರೀಲ್ಸ್ ಅಲ್ಲ. ಎದುರಿಗೆ ನಿಂತೋರ್ಗೆ ಕಾಣೋದು ಯಾಕೆ?"

ಮಾತೇನೋ ಕಸುಬು ಬಲ್ಲವನದ್ದೇ. ಆದರೆ ಒಳಗಿನ ಗುಟ್ಟು ಬೇರೆ ಇತ್ತು. ಆ ದಿನ ಅವನು ಫೋಟೋ ತೆಗೆಯಬೇಕಾಗಿದ್ದದ್ದು ಶೆಟ್ಟಿಕೆರೆಯ ಹನುಮಂತಯ್ಯನ ಮಗಳು ನಯನಳದ್ದು. ಹಾಲ್ಕುರಿಕೆಯ ಸದಾಶಿವಯ್ಯನವರು ಪಶುವೈದ್ಯನಾಗಿದ್ದ ತಮ್ಮ ಮಗ ಉಜ್ವಲನಿಗೆ ಹೆಣ್ಣು ಹುಡುಕುತ್ತಿದ್ದರು. ಮಧ್ಯಾಹ್ನದೊಳಗೆ ಹುಡುಗಿಯ ಫೋಟೋ ಕಳಿಸಿ ಎಂದಿದ್ದರು. ಇತ್ತ ಶಿವಮೂರ್ತಿ ಎರಡು ವರ್ಷದಿಂದ ನಯನಳನ್ನು ಮನಸ್ಸಿನಲ್ಲೇ ಮದುವೆಯಾಗಿ ಸಂಸಾರ ನಡೆಸುತ್ತಿದ್ದ. ಊರಿನ ಹುಡುಗಿಯರೆಲ್ಲ ಅವನನ್ನು ‘ಶಿವಣ್ಣ’ ಎಂದರೆ, ಸ್ಟುಡಿಯೋಗೆ ಜೆರಾಕ್ಸ್ ಮಾಡಿಸಲು ಬರುವ ನಯನ ಮಾತ್ರ ‘ಶಿವಮೂರ್ತಿಯವ್ರೇ’ ಎನ್ನುತ್ತಿದ್ದಳು. ಅವನೂ ಅವಳ ತಾಯಿ ಲಕ್ಷ್ಮಿದೇವಮ್ಮನನ್ನು ಲೆಕ್ಕ ಹಾಕಿಯೇ ‘ಅಕ್ಕ’ ಎನ್ನುತ್ತಿದ್ದ. ಅಕ್ಕನ ಮಗಳು ವರಸೆಗೆ ಬರುತ್ತಾಳಲ್ಲ! ಆದರೆ ತೆಂಗಿನ ಸೀಮೆಯಲ್ಲಿ ಒಂದು ತೆಂಗಿನ ಗಿಡವೂ ಇಲ್ಲದ ಗಂಡು ಯಾವ ಬಾಯಿಂದ ಹೆಣ್ಣು ಕೇಳಬೇಕು? ಇವತ್ತು ನಾಳೆ ಎನ್ನುತ್ತಲೇ ದಿನ ದೂಡಿದ್ದ. ಈಗ ಈ ಸಂಬಂಧ ತಪ್ಪಿದರೆ ಸಂಜೆಯೇ ಹೋಗಿ ಕೇಳಿಬಿಡುವುದೆಂದು ಮನೆದೇವರ ಮೇಲೆ ಆಣೆ ಇಟ್ಟುಕೊಂಡಿದ್ದ.

ಸಂಬಂಧ ತಪ್ಪಬೇಕಾದರೆ ಫೋಟೋ ಕೆಡಬೇಕು. ಕೆಡುತ್ತಿರುವುದು ಎದುರಿಗಿದ್ದವರಿಗೆ ಕಾಣಬಾರದು.

ಅಷ್ಟರಲ್ಲಿ ಮೊಬೈಲು ಹೊಡೆದುಕೊಂಡಿತು. ಹನುಮಂತಯ್ಯನ ಪಕ್ಕದ ಮನೆಯ ಗಿರಿಜಾಂಬಿಕಾ. ಆಕೆ ಯೂಟ್ಯೂಬಿನಲ್ಲಿ ಅಡುಗೆ ಚಾನೆಲ್ ನಡೆಸುತ್ತಿದ್ದುದರಿಂದ ಕ್ಯಾಮೆರಾ ವಿಷಯದಲ್ಲಿ ಶೆಟ್ಟಿಕೆರೆಗೆಲ್ಲ ಆಕೆಯದೇ ಕೊನೆಯ ಮಾತು.

"ಶಿವಮೂರ್ತಿ, ಮುಂದಕ್ಕೆ ತಿರುಗೋ ಸ್ಕ್ರೀನಿಂದೇ ತರ್ಬೇಕು ಕಣಪ್ಪ. ಹುಡುಗಿ ತನ್ನ ಮುಖ ತಾನು ನೋಡ್ಕಂಡ್ರೆ ತಾನೇ ನಗು ಸರಿಯಾಗಿ ಬರೋದು? ಲಕ್ಷ್ಮಿದೇವಮ್ಮಂಗೂ ಹೇಳಿವ್ನಿ. ಅದನ್ನ ತರ್ದಿದ್ರೆ ನನ್ನ ಮೊಬೈಲಲ್ಲೇ ನಾನು ತೆಗೀತೀನಿ, ನೀನು ಬರೋದೇ ಬ್ಯಾಡ."

ಶಿವಮೂರ್ತಿ ಬಾಗಿಲಿನಂತೆ ತೆರೆಯುವ ಕ್ಯಾಮೆರಾವನ್ನೇ ಎತ್ತಿಕೊಂಡ. ತಿಮ್ಮರಾಜು ಲೆನ್ಸುಗಳ ಕಡೆ ಕೈ ತೋರಿಸಿದ.

"ಹೆಣ್ಣಿನ ಫೋಟೋ ಅಂದ್ಮೇಲೆ ಎಂಬತ್ತೈದರ ಲೆನ್ಸ್ ತಗಂಡೋಗು. ದೂರ ನಿಂತು ತೆಗೆದ್ರೆ ಎಂಥೋರ ಮುಖಾನೂ ಚಂದ್ರ ಆಗೋಯ್ತದೆ. ಈ ಹದಿನಾರರದ್ದು ಕಲ್ಯಾಣ ಮಂಟಪಕ್ಕೆ. ಇದನ್ನ ಹಾಕ್ಕಂಡು ಮುಖದ ಹತ್ರ ಹೋದ್ಯೋ, ಮೂಗು ಮುಂದಕ್ಕೆ ಬತ್ತೈತೆ, ಕಿವಿ ಹಿಂದಕ್ಕೆ ಓಡೋಯ್ತವೆ."

"ಅದೇ ಕೊಡು," ಎಂದ ಶಿವಮೂರ್ತಿ.

"ಯಾವ್ದು?"

"ಮೂಗು ಮುಂದಕ್ಕೆ ಬರೋದು."

ತಿಮ್ಮರಾಜು ಅವನ ಮುಖವನ್ನೊಮ್ಮೆ ನೋಡಿ, ಬಿಸಿಲು ತಲೆಗೆ ಹತ್ತಿರಬೇಕೆಂದುಕೊಂಡು ಲೆನ್ಸು ಕೊಟ್ಟ.

ಶೆಟ್ಟಿಕೆರೆಯಲ್ಲಿ ಹನುಮಂತಯ್ಯನ ಅಂಗಳ ಆಗಲೇ ತುಂಬಿತ್ತು. ನಯನ ಹಸಿರು ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು. ಗಿರಿಜಾಂಬಿಕಾ ತಾನೇ ಕೈಹಾಕಿ ಸ್ಕ್ರೀನನ್ನು ಮುಂದಕ್ಕೆ ತಿರುಗಿಸಿದರು. ಶಿವಮೂರ್ತಿ ಕಣ್ಣನ್ನು ವ್ಯೂಫೈಂಡರಿಗೆ ಒತ್ತಿ, ಮೊಣಕಾಲೂರಿ, ನಯನಳ ಮುಖದ ಹತ್ತಿರ ಹತ್ತಿರಕ್ಕೆ ಸರಿದು ಬಟನ್ ಒತ್ತಿದ.

ಮೊದಲ ಫೋಟೋದಲ್ಲಿ ಒಬ್ಬರೂ ಲೆನ್ಸು ನೋಡಿರಲಿಲ್ಲ. ಕುರ್ಚಿಯಲ್ಲಿದ್ದ ನಯನ, ಹಿಂದೆ ನಿಂತಿದ್ದ ತಾಯಿ, ಆ ನಡುವೆಯೇ ಸೆರಗು ಸರಿಮಾಡಿಕೊಳ್ಳುತ್ತಿದ್ದ ಗಿರಿಜಾಂಬಿಕಾ, ಮೂವರೂ ಪಕ್ಕದ ಸ್ಕ್ರೀನನ್ನೇ ನೋಡುತ್ತಿದ್ದರು. ಚಿಕ್ಕನಾಯಕನಹಳ್ಳಿ ಬಸ್ಸು ಬಂತೇ ಎಂದು ರಸ್ತೆ ನೋಡುವವರ ಹಾಗಿದ್ದರು.

"ಅಯ್ಯೋ, ಹುಡುಗಿ ಮೂಗ್ಯಾಕೆ ಇಷ್ಟು ದಪ್ಪ ಆಗೈತೆ?" ಗಿರಿಜಾಂಬಿಕಾ ಕೂಗಿದರು. "ನನ್ನ ಚಾನೆಲ್ಲಲ್ಲಿ ರಾಗಿ ಮುದ್ದೇನೂ ಇಷ್ಟು ದಪ್ಪ ಕಾಣಲ್ಲ!"

"ಸ್ಕ್ರೀನು ಚಿಕ್ಕದು ನೋಡಿ, ಹಂಗ್ ಕಾಣ್ತೈತೆ. ಫೋಟೋದಲ್ಲಿ ಸರಿಹೋಯ್ತದೆ," ಎಂದ ಶಿವಮೂರ್ತಿ.

ನಯನಳಿಗೆ ಮಾತ್ರ ತನ್ನ ಮೂಗು ಕಂಡು ತಡೆಯಲಾರದ ನಗು. ಕುರ್ಚಿಯಿಂದ ಬೀಳುವಷ್ಟು ನಕ್ಕಳು. ಆ ನಗು ನೋಡಿ ಶಿವಮೂರ್ತಿಗೆ ಇಂಥ ಹುಡುಗಿಯ ಮೂಗನ್ನು ಕೆಡಿಸುವುದು ಪಾಪ ಎನ್ನಿಸಿತು. ಹಾಲ್ಕುರಿಕೆಗೆ ಅದೇ ಹುಡುಗಿಯನ್ನು ಬಿಟ್ಟುಕೊಡುವುದು ಅದಕ್ಕಿಂತ ದೊಡ್ಡ ಪಾಪ ಎಂದು ಸಮಾಧಾನ ಮಾಡಿಕೊಂಡ.

ಇನ್ನೊಂದು ಪೇಚು ಆಗ ಶುರುವಾಯಿತು. ಆ ಲೆನ್ಸು ಬಕಾಸುರನ ಹಾಗೆ ಅಂಗಳವನ್ನೆಲ್ಲ ನುಂಗುತ್ತಿತ್ತು. ನಯನಳ ಭುಜದ ಪಕ್ಕ ಹಗ್ಗದ ಮೇಲೆ ಹನುಮಂತಯ್ಯನ ಪಟ್ಟಾಪಟ್ಟಿ ಚಡ್ಡಿ ನೇತಾಡುತ್ತಿತ್ತು.

"ಲೇ, ಅದ್ ತೆಗೀರೇ!" ಎಂದು ಹನುಮಂತಯ್ಯ ತಾನೇ ಓಡಿಹೋಗಿ ಕಿತ್ತ. ಚಡ್ಡಿ ಹೋಯಿತು, ಹಿಂದಿದ್ದ ಎಮ್ಮೆ ಕಂಡಿತು. ಎಮ್ಮೆಯನ್ನು ಎಳೆದು ಕಟ್ಟಿದರೆ ಅದು ಮುಚ್ಚಿಕೊಂಡಿದ್ದ ತಿಪ್ಪೆ ಕಂಡಿತು. ತಿಪ್ಪೆಗೆ ಅಡ್ಡವಾಗಿ ಚಾಪೆ ಹಿಡಿದರೆ, ಚಾಪೆ ಹಿಡಿದ ಹನುಮಂತಯ್ಯನೇ ಕಂಡ.

"ಇಲ್ಲಿ ಎತ್ತಿಡೋದ್ರಲ್ಲೇ ಹೊತ್ತೋಯ್ತದೆ," ಎಂದು ಆತ ಚಾಪೆ ಬಿಸಾಕಿದ. "ತೋಟಕ್ಕೆ ನಡೀರಿ. ಅಲ್ಲಿ ಎತ್ತಿಡಕ್ಕೆ ಏನೂ ಇಲ್ಲ."

ಹನುಮಂತಯ್ಯನ ತೋಟವೆಂದರೆ ಮನೆಯ ಹಿಂದಿನ ಮೂವತ್ತು ತೆಂಗಿನ ಮರ. ಅದರಾಚೆ ಮೊಣಕಾಲುದ್ದದ ಬೇಲಿ, ಬೇಲಿಯಾಚೆ ಕಂಡವರ ತೋಟ. ನಯನ ಮುಂದೆ ನಿಂತಳು. ಶಿವಮೂರ್ತಿ ಮತ್ತೆ ಮೂಗಿನ ಹತ್ತಿರಕ್ಕೇ ಹೋಗಿ, ಕ್ಯಾಮೆರಾ ತಗ್ಗಿಸಿ ತೆಗೆದ. ಗಿರಿಜಾಂಬಿಕಾ ಸ್ಕ್ರೀನು ನೋಡಿ ಬಾಯಿ ತೆರೆಯುವಷ್ಟರಲ್ಲಿ ಹನುಮಂತಯ್ಯ ಅವರನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದ.

"ಲಕ್ಷ್ಮೀ, ಬಾರೇ ಇಲ್ಲಿ! ನಮ್ ತೋಟ ನೋಡೇ! ಎಷ್ಟು ಚೆಂದಾಗೈತೆ!"

"ಮಗಳ ಮೂಗು ನೋಡ್ರೀ ಮೊದ್ಲು," ಎಂದರು ಲಕ್ಷ್ಮಿದೇವಮ್ಮ.

"ಮೂಗು ಬುಡು, ದಿನಾ ನೋಡ್ತೀವಿ. ಶಿವಮೂರ್ತಿ, ಇದೇ ಇರ್ಲಿ, ನನ್ನ ಮೊಬೈಲಿಗೆ ಹಾಕು."

ಶಿವಮೂರ್ತಿ ಹಾಕಿದ. ಹನುಮಂತಯ್ಯ ಅಲ್ಲೇ ನಿಂತು ಅದನ್ನು ಹಾಲ್ಕುರಿಕೆಗೆ ಕಳಿಸಿದ. ಫೋಟೋದಲ್ಲಿ ನಯನಳ ಮೂಗು ಹಲಸಿನ ತೊಳೆಯಷ್ಟು ಊದಿಕೊಂಡು, ಕಿವಿ ಎರಡೂ ಮಾಯವಾಗಿದ್ದವು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದುಕೊಂಡು ಶಿವಮೂರ್ತಿ ಸ್ಟುಡಿಯೋಗೆ ಹೋದ. ಮಧ್ಯಾಹ್ನವೆಲ್ಲ ಕನ್ನಡಿಯ ಮುಂದೆ ನಿಂತು ‘ಅಕ್ಕ, ನಿಮ್ಮ ಹತ್ರ ಒಂದು ಮಾತಾಡ್ಬೇಕಿತ್ತು’ ಎಂಬುದನ್ನು ಹತ್ತಾರು ಬಗೆಯಲ್ಲಿ ಹೇಳಿ ನೋಡಿದ.

ಸಂಜೆ ಹನುಮಂತಯ್ಯನೇ ಫೋನು ಮಾಡಿದ. "ಬೇಗ ಮನೆತಂಕ ಬಾರಪ್ಪ."

ದನಿ ಗಂಭೀರವಾಗಿತ್ತು. ಶಿವಮೂರ್ತಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮುಖವನ್ನು ದುಃಖಕ್ಕೆ ತಕ್ಕಂತೆ ಇಳಿಬಿಟ್ಟುಕೊಂಡು ಹೋದ. ಬಾಗಿಲಲ್ಲೇ ಹನುಮಂತಯ್ಯ ಅವನನ್ನು ಅಪ್ಪಿಕೊಂಡ.

"ಒಪ್ಕಂಡ್ರು ಕಣಪ್ಪ! ಸದಾಶಿವಯ್ಯನೋರೇ ಫೋನ್ ಮಾಡಿದ್ರು. ‘ಏನ್ ಸ್ವಾಮಿ ನಿಮ್ಮ ತೋಟ! ನೋಡ್ತಾ ಹೋದ್ರೆ ಸಾಲು ಮುಗಿಯೋದೇ ಇಲ್ವಲ್ಲ’ ಅಂದ್ರು. ಹುಡುಗಿ ವಿಷ್ಯಾನೇ ಕೇಳ್ಲಿಲ್ಲ, ಭಾನುವಾರ ಬತ್ತೀವಿ ಅಂದ್ಬುಟ್ರು."

ಶಿವಮೂರ್ತಿ ಮೊಬೈಲು ಇಸಿದುಕೊಂಡು ಫೋಟೋ ನೋಡಿದ. ಬೆಳಿಗ್ಗೆಯಿಂದ ಅವನ ಕಣ್ಣು ಮೂಗೊಂದನ್ನೇ ನೋಡಿತ್ತು. ಹತ್ತಿರದ ಮೂಗನ್ನು ದೊಡ್ಡದು ಮಾಡಿದ ಲೆನ್ಸು, ದೂರದ ಮರಗಳನ್ನು ಇನ್ನೂ ದೂರಕ್ಕೆ ಎಳೆದಿತ್ತು. ಬೇಲಿ ಹುಲ್ಲಿನಲ್ಲಿ ಕರಗಿ, ಊರವರ ತೋಟವೆಲ್ಲ ಹನುಮಂತಯ್ಯನ ತೋಟಕ್ಕೆ ಸೇರಿಹೋಗಿತ್ತು.

"ಭಾನುವಾರ ಬಂದಾಗ ಮೂವತ್ತೇ ಮರ ಅಂತ ಗೊತ್ತಾಗಲ್ವಾ?" ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಕೇಳಿದ.

"ಆಗ್ಲೇ ಗೊತ್ತಾಯ್ತು," ಎನ್ನುತ್ತ ನಯನ ಒಳಗಿನಿಂದ ಬಂದಳು. "ಸುಳ್ಳು ಹೇಳಿ ಮದ್ವೆ ಆಗೋದು ನಂಗೆ ಹಿಡಿಸ್ಲಿಲ್ಲ. ನಂಬರ್ ಇಸ್ಕೊಂಡು ಹುಡುಗಂಗೇ ಫೋನ್ ಮಾಡ್ದೆ. ನಮ್ದು ಮೂವತ್ತೇ ಮರ, ನನ್ನ ಮೂಗೂ ಅಷ್ಟು ದಪ್ಪ ಇಲ್ಲ ಅಂದೆ. ಅವ್ರು ನಕ್ಕಿದ್ದೇ ನಕ್ಕಿದ್ದು. ಎಮ್ಮೆ ಕರ ಹಾಕ್ಸಿದ ಕತೆ ಎಲ್ಲ ಹೇಳಿದ್ರು. ಮಾತಾಡ್ತಾ ಹೊತ್ತು ಹೋಗಿದ್ದೇ ಗೊತ್ತಾಗ್ಲಿಲ್ಲ. ಅವರಪ್ಪಂಗೆ ಅವ್ರೇ ಹೇಳಿ ಒಪ್ಪಿಸಿದ್ರಂತೆ. ಫೋಟೋ ಚೆನ್ನಾಗ್ ಬಂದಿದ್ರೆ ನಾನು ಫೋನೇ ಮಾಡ್ತಿರ್ಲಿಲ್ಲ ಶಿವಮೂರ್ತಿಯವ್ರೇ."

ಅವಳ ಕಣ್ಣಲ್ಲಿದ್ದ ಹೊಳಪು ಶಿವಮೂರ್ತಿ ಯಾವ ಲೆನ್ಸಿನಲ್ಲೂ ಕಂಡಿರದಂಥದ್ದು. ಅವನು ಮೊಬೈಲನ್ನು ಹನುಮಂತಯ್ಯನ ಕೈಗೆ ವಾಪಸ್ಸು ಕೊಟ್ಟ.

ಲಕ್ಷ್ಮಿದೇವಮ್ಮ ಅವನನ್ನು ಒಳಗೆ ಕರೆದು ಕೂರಿಸಿ, ಒತ್ತು ಶಾವಿಗೆಗೆ ಕಾಯಿಹಾಲು ಸುರಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನಿನ್ನ ಹತ್ರ ಮುಚ್ಚಿಡೋದೇನು ಶಿವಮೂರ್ತಿ, ಅವ್ರು ಬ್ಯಾಡ ಅಂತಾರೆ ಅಂದ್ಕಂಡೇ ನಾವು ಫೋಟೋ ಕಳ್ಸಿದ್ದು. ಸದಾಶಿವಯ್ಯನೋರು ದೊಡ್ಡ ತೋಟ ಇಲ್ದೋರ ಮನೇಲಿ ನೀರೂ ಕುಡಿಯೋರಲ್ಲ. ನೆಂಟ್ರು ತಂದ ಸಂಬಂಧ ಅಲ್ವಾ, ಇಲ್ಲ ಅನ್ನಕ್ಕಾಗ್ಲಿಲ್ಲ. ಅವ್ರು ಬ್ಯಾಡ ಅಂದ ತಕ್ಷಣ ಇವತ್ತೇ ನಿಮ್ಮನೇಗೆ ಬಂದು ನಿನ್ನನ್ನೇ ಕೇಳೋದು ಅಂತ ಮಾತಾಡಿದ್ವಿ. ಮರ ಇಲ್ದಿದ್ರೆ ಏನಂತೆ, ಒಳ್ಳೇ ಹುಡುಗ. ನಯನಾನೂ ನಿನ್ನೆ ರಾತ್ರಿ ಹೂಂ ಅಂದಿದ್ಲು."

ಶಿವಮೂರ್ತಿಯ ಕೈ ತಟ್ಟೆಯ ಮೇಲೇ ನಿಂತಿತು.

"ಯಾಕಪ್ಪ, ಬೆಲ್ಲ ಕಮ್ಮಿ ಆಯ್ತಾ?" ಎಂದು ಕೇಳಿದರು ಲಕ್ಷ್ಮಿದೇವಮ್ಮ.

"ಇಲ್ಲಕ್ಕ," ಎಂದ ಶಿವಮೂರ್ತಿ, "ಸರಿಯಾಗೈತೆ."