ಚಂದ್ರ ಬೀಳುತ್ತಲೇ ಇರುತ್ತಾನೆ

ಗುರುತ್ವಾಕರ್ಷಣೆಯ ಪಾಠ ಶುರುವಾದರೆ ಸಾಕು, ನನ್ನ ಕ್ಲಾಸಿನಲ್ಲಿ ಏನಾದರೊಂದು ನಡೆದೇ ತೀರುತ್ತಿತ್ತು. ಆ ಪಾಠ ನನಗೆ ಪೂಜೆಯಿದ್ದ ಹಾಗೆ. ದೇವರಿಗೆ ಮಾತ್ರ ಅದರಲ್ಲಿ ತಮಾಷೆ ಕಾಣುತ್ತಿತ್ತೇನೋ. ತೊಂಬತ್ತರ ದಶಕದ ಕೊನೆ. ಶಿವಮೊಗ್ಗದ ವಿದ್ಯಾನಗರದಿಂದ ದಿನಾ ಭದ್ರಾವತಿಗೆ ಹೋಗಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತಿದ್ದೆ.

ಚಂದ್ರ

"ಚಂದ್ರ ಪ್ರತಿ ಕ್ಷಣವೂ ನಮ್ಮ ಕಡೆಗೆ ಬೀಳುತ್ತಲೇ ಇದ್ದಾನೆ. ಪಕ್ಕಕ್ಕೂ ಓಡುತ್ತಿರೋದ್ರಿಂದ ನೆಲ ಮುಟ್ಟೋದಿಲ್ಲ, ಅಷ್ಟೇ," ಎನ್ನುತ್ತಾ ಕಣ್ಣು ಮುಚ್ಚಿದೆ. ಎಷ್ಟೋ ಯುಗಗಳಿಂದ, ಸದ್ದಿಲ್ಲದೆ, ಹಾಗೇ ಬೀಳುತ್ತಾ ತೇಲುತ್ತಾ... ಕೈ ತಾನಾಗಿ ಮುಗಿಯಿತು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸಾರ್, ಸಂಕಷ್ಟಿ ದಿನ ಮಾತ್ರ ಅವನಿಗೆ ಸ್ವಲ್ಪ ಬೇಗ ಬರಕ್ಕೆ ಹೇಳಿ. ಅವನನ್ನ ನೋಡೋವರೆಗೂ ನಮ್ಮನೇಲಿ ಊಟ ಹಾಕಲ್ಲ."

ಅವತ್ತೇ ಸಂಕಷ್ಟಿ. ನನ್ನ ಹೊಟ್ಟೆಯೂ ಅವಳ ಪರವಾಗಿತ್ತು.

ಹಗ್ಗ

ಕ್ಲಾಸಿನಲ್ಲಿ ಇಷ್ಟು ಬಾಯಿದ್ದ ಈ ಹುಡುಗಿ, ಹಿಂದಿನ ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರನ್ನು ಕಂಡು ಮಾತೇ ಹೊರಡದೆ ಫೇಲಾಗಿದ್ದಳು. ಅವಳಿಗೆ ನರ್ಸಿಂಗ್ ಓದುವಾಸೆ. ನ್ಯೂ ಟೌನಿನಲ್ಲಿದ್ದ ಅವಳಪ್ಪ, ಕಾರ್ಖಾನೆಯ ಕ್ರೇನ್ ನಡೆಸುವವರು, ಒಂದು ದಿನ ಕಾಲೇಜಿಗೆ ಬಂದರು.

"ಈ ಸಲವೂ ಹಂಗೇ ಆದ್ರೆ ಓದು ಬಿಡಿಸ್ತೀನಿ ಮೇಷ್ಟ್ರೇ. ಅದೇನು ಅಷ್ಟು ಕಷ್ಟದ ಪಾಠ?"

ಉಪಗ್ರಹದ ಚಿತ್ರ ತೋರಿಸಿದೆ.

"ಇದನ್ನ ಯಾವ ಹಗ್ಗ ಹಿಡಿದಿದೆ?"

"ಗುರುತ್ವವೇ ಹಗ್ಗ. ಕಣ್ಣಿಗೆ ಕಾಣೋದಿಲ್ಲ, ದೇವರ ಹಾಗೆ."

ಅವರು ಕಿಟಕಿಯಾಚೆ ಆಕಾಶವನ್ನೇ ನೋಡುತ್ತಾ ನಿಂತರು. ಆಮೇಲೆ ಮೆಲ್ಲಗೆ, "ನಂಬಿಕೆ ನಂಗೂ ಇದೆ. ಆದ್ರೂ ಕೆಳಗೆ ಜನ ಓಡಾಡ್ತಾರೆ. ಇನ್ನೊಂದು ಹಗ್ಗ ಹಾಕ್ಸಿಬಿಡಿ," ಎಂದರು.

ಪರೀಕ್ಷೆ

ಆ ದಿನ ಬಂತು. ಲ್ಯಾಬಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಪರೀಕ್ಷಕರು ಕೇಳಿದರು: "ಉಪಗ್ರಹ ಭೂಮಿಗೆ ಯಾಕಮ್ಮ ಬಂದು ಬೀಳಲ್ಲ?"

ಹುಡುಗಿ ಗಪ್‌ಚಿಪ್. ನಾನು ಗೋಡೆಗೊರಗಿ ಮನಸ್ಸಿನಲ್ಲೇ ಗಣಪತಿಯನ್ನು ನೆನೆದೆ.

ಇದ್ದಕ್ಕಿದ್ದಂತೆ ಅವಳು ಚಪ್ಪಲಿ ಕಳಚಿಟ್ಟಳು. "ಸಾರ್, ನೀವು ಭೂಮಿ. ಅಲ್ಲಾಡ್ಬೇಡಿ."

ಅವರನ್ನು ಬಲಕ್ಕಿಟ್ಟುಕೊಂಡು ನಡೆಯತೊಡಗಿದಳು. "ನಾನು ನೇರ ಹೋಗ್ತೀನಿ ಅಂತೀನಿ, ನೀವು ನಿಮ್ಮ ಕಡೆ ಎಳೀತೀರಿ. ಎರಡೂ ಸೇರಿ ಸುತ್ತು ಬರ್ತೀನಿ. ಹತ್ರ ಬಂದ್ರೆ ಇನ್ನೂ ಜೋರಾಗಿ ಓಡ್ಬೇಕು, ನೋಡಿ!" ಎರಡನೇ ಸುತ್ತಿಗೆ ಕುರ್ಚಿಯ ಹತ್ತಿರ ಸರಿದು ಹೆಜ್ಜೆ ಚುರುಕು ಮಾಡಿದಳು. ದೇವಸ್ಥಾನದ ಅಭ್ಯಾಸಬಲ, ಕೈ ಜೋಡಿಸಿಯೇ ಇತ್ತು. ಬಿಸಿಲಕೋಲಿನಲ್ಲಿ ಧೂಳಿನ ಕಣಗಳೂ ತಿರುಗುತ್ತಿದ್ದವು. ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು.

ಅಷ್ಟರಲ್ಲಿ ಟೀ ತಂದ ನಮ್ಮ ಮುದಿ ಅಟೆಂಡರ್ ಬಾಗಿಲಲ್ಲೇ ನಿಂತು ನೋಡಿದ. ಚಪ್ಪಲಿ ಹೊರಗೆ ಬಿಟ್ಟು, ತಟ್ಟೆ ಹಿಡಿದುಕೊಂಡೇ ಭಕ್ತಿಯಿಂದ ಅವಳ ಹಿಂದೆ ಹೊರಟ.

ಪರೀಕ್ಷಕರು ಬೆವರೊರೆಸಿಕೊಂಡು, "ಉತ್ತರ ಸರಿಯಾಗಿದೆ! ಪಾಸು, ಪಾಸು! ನಿಲ್ಸಿ ಮಾರಾಯ್ರೆ!" ಎಂದು ಏಳಹೊರಟರು.

ಅಟೆಂಡರ್ ಒಪ್ಪಲಿಲ್ಲ. "ಕೂತ್ಕೊಳ್ಳಿ ಸಾರ್. ಎರಡಕ್ಕೆಲ್ಲ ನಿಲ್ಲಿಸಬಾರ್ದು, ಮೂರು ಸುತ್ತಾದ್ರೂ ಆಗ್ಲಿ."