ಆರದ ಬ್ರೇಕ್ ದೀಪ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರ ಮೇಲೆ ನನಗೆ ಅಪಾರ ಗೌರವ. ಆ ಗೌರವಕ್ಕೆ ನಾನೆಂದೂ ಆಸೆಪಟ್ಟವನಲ್ಲ, ಅಷ್ಟೇ. ಸಂಕೇಶ್ವರದಲ್ಲಿ ವಕೀಲಿ ಮಾಡುತ್ತಿದ್ದ ನಾನು ಕೊಲ್ಹಾಪುರದ ಡಾಕ್ಟರೊಬ್ಬರ ಹಳೆಯ ಕಾರು ಕೊಂಡ ದಿನವೇ ಯಂತ್ರಗಳ ಪಂಡಿತನೂ ಆದೆ. ಪಾಂಡಿತ್ಯ ಕಾರಿನ ಜೊತೆಗೇ ಬಂದಿರಬೇಕು.

ಆ ಬೇಸಗೆಯಲ್ಲಿ ಕಾರಿನ ಹಿಂದಿನ ಬ್ರೇಕ್ ದೀಪಗಳು ಆರುವುದನ್ನೇ ಬಿಟ್ಟವು. ಬ್ರೇಕ್ ಒತ್ತಿದಾಗ ಮಾತ್ರ ಹತ್ತಬೇಕಾದವು, ನಾನು ಇಳಿದು ಊಟಕ್ಕೆ ಕೂತರೂ ಉರಿಯುತ್ತಿದ್ದವು. ಬೆಳಗಾದರೆ ಬ್ಯಾಟರಿ ಖಾಲಿ. ಖಟ್ಲೆ ಎಲ್ಲಿಗೆ ಬಂತೆಂದು ಕೇಳಲು ಬಂದ ಕಕ್ಷಿದಾರರು ತಲೆಗೆ ಪಟಗ ಬಿಗಿದು ಕಾರು ನೂಕುತ್ತಿದ್ದರು. ಅವರ ಖಟ್ಲೆ ಮುಂದೆ ಹೋಗದಿದ್ದರೂ ನನ್ನ ಕಾರು ಹೋಗುತ್ತಿತ್ತು. "ಬಲ್ಬರೆ ತಗದಿಡ್ರಿ, ಬ್ಯಾಟರಿ ಉಳೀತೈತಿ" ಎಂದಳು ಹೆಂಡತಿ ಗಂಗವ್ವ. ದೋಷ ವೈರಿನ ಒಳಗೆ ಆಳವಾಗಿ ಕೂತಿದೆ, ಹೆಂಗಸರಿಗೆ ಅದು ತಿಳಿಯುವಂಥದ್ದಲ್ಲ ಎಂದು ವಿವರಿಸಿದೆ. ಅವಳು ಎದ್ದು ಒಲೆಯ ಕಡೆ ಹೋದಳು. ನಾನು ಗೆದ್ದೆ ಎಂದುಕೊಂಡೆ.

ಗೋಕಾಕದಲ್ಲಿ ಅವಳ ತಂಗಿಯ ಕುಬಸ. ಚೊಚ್ಚಲ ಬಸುರಿ; ಅಕ್ಕ ಬಂದು ಮಧ್ಯಾಹ್ನದೊಳಗೆ ಉಡಿ ತುಂಬಬೇಕು. ಹಸಿರು ಸೀರೆ, ಬಳೆ, ಉಂಡಿಯ ಬುಟ್ಟಿ ಏರಿಸಿಕೊಂಡು ಹೊರಟೆವು. ಹುಕ್ಕೇರಿಯವರೆಗೂ ಹಿಂದೊಂದು ಬಸ್ಸು ಹಾರ್ನ್ ಹೊಡೆಯುತ್ತಲೇ ಬಂತು. ಊರು ಹೊಕ್ಕಾಗ ಅದರ ಡ್ರೈವರ್ ಪಕ್ಕಕ್ಕೆ ಬಂದು, "ಏನ್ರಿ ಸಾಹೇಬ್ರ, ನೀವು ನಿಲ್ಲಾವ್ರೋ, ಹೋಗಾವ್ರೋ?" ಎಂದ. ತಕ್ಕ ಉತ್ತರ ಕೊಡಲು ಕಾರು ನಿಲ್ಲಿಸಿದೆ. ಬ್ಯಾಟರಿಯಲ್ಲಿ ದೀಪ ಮಿಣುಕುವಷ್ಟೇ ಜೀವ ಉಳಿದಿತ್ತು; ಕಾರು ಮತ್ತೆ ಹೊರಡಲಿಲ್ಲ.

"ಹೊತ್ತು ನೆತ್ತಿಗಿ ಬರಾಕತ್ತೈತಿ. ತಂಗಿ ಹಾದಿ ನೋಡ್ಕೋತ ಕುಂತಿರ್ತಾಳ. ಮೇಸ್ತ್ರಿನ್ನ ಕರೀರಿ" ಎಂದಳು ಗಂಗವ್ವ. ಅವಳ ಕಣ್ಣಲ್ಲಿ ನೀರಿತ್ತು. ಹತ್ತಿರದ ಗ್ಯಾರೇಜಿನಿಂದ ದಸ್ತಗೀರ ಮೇಸ್ತ್ರಿ ಬಂದ. ವೈರುಗಳ ಬಗ್ಗೆ ನಾನು ಮಾಡಿದ ಉಪನ್ಯಾಸವನ್ನು ವಿನಯದಿಂದ ಕೇಳಿ, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ.

"ಈ ಜಮಖಾನಿ ಯಾರು ಹಾಸ್ಯಾರ್ರಿ?"

ಕಾರಿನೊಳಗೆ ಧೂಳು ಏಳುತ್ತದೆಂದು ಹಿಂದಿನ ತಿಂಗಳು ಹಳೆಯ ಜಮಖಾನೆಯನ್ನು ಕತ್ತರಿಸಿ ಹಾಸಿದವನು ನಾನೇ. ಪೆಡಲುಗಳಿಗೆ ಅಚ್ಚುಕಟ್ಟಾಗಿ ಸಣ್ಣ ತೂತು ಮಾಡಿದ್ದೆ.

"ತೂತು ಭಾಳ ಬಿಗಿ ಆಗೈತ್ರಿ. ಬ್ರೇಕಿನ ಪೆಡಲ್ ಪೂರಾ ಮ್ಯಾಲ ಬರವಲ್ದು. ಒತ್ತಿ ಹಿಡದಂಗ ಉಳದೈತಿ" ಎಂದವನೇ ಕತ್ತರಿಯಿಂದ ಅಂಚು ಕತ್ತರಿಸಿದ. ದೀಪ ಆರಿತು. ಗಂಗವ್ವ ಬುಟ್ಟಿಯಿಂದ ಎರಡು ಉಂಡಿ ತೆಗೆದು ಅವನಿಗೆ ಕೊಟ್ಟಳು.

ಇಷ್ಟು ಸುಲಭವಾಗಿ ಸೋಲಲು ನನಗೆ ಮನಸ್ಸಿರಲಿಲ್ಲ. ಪರೀಕ್ಷೆ ಆಗಲೇಬೇಕೆಂದು ಇಬ್ಬರನ್ನೂ ಕಾರಿನ ಹಿಂದೆ ನಿಲ್ಲಿಸಿ, ಒಳಗೆ ಕೂತು ಒತ್ತಿದೆ.

"ಹತ್ತಿತೇನು?"

"ಇಲ್ರಿ" ಎಂದಳು ಗಂಗವ್ವ.

ಇನ್ನೂ ಬಲವಾಗಿ ಒತ್ತಿದೆ. ಇಲ್ಲ. ನನ್ನ ಮುಖಕ್ಕೆ ಕಳೆ ಮರಳಿತು. ಉರಿಯುವ ದೀಪವನ್ನು ಶಾಶ್ವತವಾಗಿ ಕೆಡಿಸುವುದಕ್ಕೆ ರಿಪೇರಿ ಅನ್ನುತ್ತಾರೇನು ಎಂದು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದೆ. ಜನ ಸೇರಿದರು, ಜನ ಸೇರಿದರೆ ನನ್ನ ವಾದಕ್ಕೆ ರಂಗೇರುತ್ತದೆ. ದಸ್ತಗೀರ ಮೆಲ್ಲಗೆ ಬಾಗಿಲ ಬಳಿ ಬಂದು, ನನ್ನ ಕಾಲನ್ನೊಮ್ಮೆ ನೋಡಿ, ಯಾರಿಗೂ ಕೇಳದಂತೆ ಹೇಳಿದ: "ಸಾಹೇಬ್ರ, ಅದು ಕ್ಲಚ್ ಐತ್ರಿ."

ಕಾಲು ಬದಲಿಸಿದೆ. ದೀಪ ಹತ್ತಿತು. ಜನ ಕಾರು ನೂಕಿಕೊಟ್ಟರು. ಉಡಿ ತುಂಬುವ ಹೊತ್ತಿಗೆ ಮುಟ್ಟಿದೆವು. ದಾರಿಯಲ್ಲಿ ಗಂಗವ್ವ, "ಮೇಸ್ತ್ರಿ ನಿಮ್ಮ ಕಿವ್ಯಾಗ ಏನಂದನ್ರಿ?" ಎಂದು ಕೇಳಿದಳು.

"ಅದು ತಿಳಿದವರು ತಿಳಿದವರು ಆಡೂ ಮಾತು, ಬಿಡು" ಎಂದೆ.